ಅತ್ತೆಯ ಎಡಗೈಗೊಂದು ಗಡಿಯಾರ

ಆ ದಿನವೂ ನಮ್ಮ ಮನೆ ಎಂದಿನಂತೆಯೇ ಎದ್ದಿತು. ನಸುಕಿನಲ್ಲಿ ನಲ್ಲಿ ಒಮ್ಮೆ ಕೆಮ್ಮಿತು, ಆಮೇಲೆ ನೀರು ಬಂತು, ನಾನು ಕೊಡಗಳನ್ನು ಸಾಲಾಗಿ ಇಟ್ಟೆ. ಹೆದ್ದಾರಿಯಲ್ಲಿ ವಿಜಯಪುರದ ಕಡೆ ಹೋಗುವ ಮೊದಲ ಬಸ್ಸು ಹಾರ್ನ್ ಹೊಡೆಯಿತು. ಮಗಳ ಎರಡು ಜಡೆ, ಅವಳ ಡಬ್ಬಿ, ಒಂದೇ ಕಾಲಿಗೆ ಸಿಕ್ಕ ಸಾಕ್ಸು. ನನ್ನ ಯಜಮಾನರಿಗೆ ಜೇವರ್ಗಿಯ ಮಾರ್ಕೆಟ್ಟಿನಲ್ಲಿ ತೊಗರಿಯ ಅಡತಿ ಅಂಗಡಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವುದು. ಅವರು ಬಾಗಿಲಲ್ಲಿ ನಿಂತೇ ಚಹಾ ಕುಡಿದರು. ಕೈಯಲ್ಲಿ ತೊಗರಿಯ ಮಾದರಿ ತುಂಬಿದ ಸಣ್ಣ ಸಣ್ಣ ಚೀಲಗಳಿದ್ದವು. ಅವತ್ತು ಅವರಿಗೆ ಕಲಬುರಗಿಯಲ್ಲಿ ಕೆಲಸವಿತ್ತು.

"ನಾಕರ ಸುಮಾರಿಗೆ ಫೋನ್ ಮಾಡ್ತೇನಿ. ಅಷ್ಟೊತ್ತಿಗೆ ಅವ್ವಗ ಯಾವ ವಾಚು ಅಂತ ಹೇಳು. ಅಂಗಡ್ಯಾಗ ನಿಂತು ನಾ ತಲಿ ಕೆರಕೋಬಾರದು ನೋಡು" ಅಂದರು.

"ನನಗೇನು ತಿಳೀತದರಿ?"

"ಕಾನ್ವೆಂಟಿನ್ಯಾಗ ಓದಿದಾಕಿ ನೀನು. ಡಬ್ಬಿ ಮ್ಯಾಲಿನ ಇಂಗ್ಲಿಷ್ ನನಗ ತಿಳೀತದೇನು?"

ಅಷ್ಟು ಹೇಳಿ ಹೋದರು. ನಾನು ಅಫಜಲಪುರ ತಾಲೂಕಿನ ಅತನೂರಿನವಳು. ಅಪ್ಪ ನನ್ನನ್ನು ಕಲಬುರಗಿಯ ಹಾಸ್ಟೆಲ್ಲಿಗೆ ಹಾಕಿ ಸಿಸ್ಟರುಗಳ ಶಾಲೆಯಲ್ಲಿ ಓದಿಸಿದ್ದ. ಆ ಓದು ಈ ಮನೆಯಲ್ಲಿ ಬೇಕಾಗುವುದು ಇಂಥ ವೇಳೆಗೆ ಮಾತ್ರ: ಔಷಧದ ಚೀಟಿ, ಗ್ಯಾಸಿನ ಪುಸ್ತಕ, ಯಾವುದೋ ಡಬ್ಬಿಯ ಮೇಲಿನ ಸಣ್ಣ ಅಕ್ಷರ.

ಒಳಗೆ ಅತ್ತೆಯವರು ಹಾಸಿಗೆಯ ಅಂಚಿನಲ್ಲಿ ಕೂತಿದ್ದರು. ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಎಡ ಮಣಿಕಟ್ಟಿನ ಹತ್ತಿರ ಹೋಗಿ ಏನನ್ನೋ ತಿರುವಿದಂತೆ ಮಾಡಿ ನಿಂತವು. ಅಲ್ಲಿ ಏನೂ ಇರಲಿಲ್ಲ. ಆಳಂದ ತಾಲೂಕಿನ ನರೋಣಾದಲ್ಲಿ ಮೂವತ್ತು ವರ್ಷ ಕನ್ನಡ ಶಾಲೆಯ ಟೀಚರ್ ಆಗಿದ್ದವರು ಅವರು. ಕೀಲಿ ಕೊಡುವ ಒಂದೇ ಗಡಿಯಾರವನ್ನು ಅಷ್ಟೂ ವರ್ಷ, ಆಮೇಲೂ, ಕಟ್ಟಿಕೊಂಡಿದ್ದರು. ಆಗಿನ ಕಾಲದ ಲೇಡಿ ಟೀಚರುಗಳ ಹಾಗೆ ಡಯಲ್ಲನ್ನು ಅಂಗೈಯ ಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಪುಸ್ತಕ ಹಿಡಿದುಕೊಂಡೇ ವೇಳೆ ನೋಡಬಹುದು, ಸೀಮೆಸುಣ್ಣದ ಪುಡಿಯೂ ಬೀಳುವುದಿಲ್ಲ ಅಂತ. ಅದು ಹೋದ ತಿಂಗಳು ನಿಂತುಹೋಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿ ಮಾಡುವವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದ್ದ. "ಇದರ ಸಾಮಾನು ಬರೂದೇ ನಿಂತದರಿ" ಅಂತ ಮರಳಿ ಕೊಟ್ಟಿದ್ದ. ಈಗ ಅವರ ಮಣಿಕಟ್ಟಿನ ಒಳಬದಿಯಲ್ಲಿ ಒಂದು ಬೆಳ್ಳಗಿನ ಪಟ್ಟಿ ಉಳಿದಿದೆ. ಅಲ್ಲಿನ ಚರ್ಮ ಉಳಿದ ಮೈಗಿಂತ ಎಳೆಯದು.

ಹಾಗಾಗಿ ಒಂದು ಗಡಿಯಾರವಂತೂ ತರಲೇಬೇಕಿತ್ತು. ಅದರ ನಡುವೆ ಅತ್ತೆಯವರಿಗೆ ಎರಡು ಸಲ ತಲೆ ತಿರುಗಿತು. ಎರಡೂ ಸಲ ಮುಂಜಾನೆ. ಒಂದು ಸಲ ಬಚ್ಚಲ ಬಾಗಿಲಲ್ಲಿ ನಾನೇ ಹಿಡಿದೆ. ಇನ್ನೊಂದು ಸಲ ಹಿಡಿಯಲಾಗಲಿಲ್ಲ. ಕಲಬುರಗಿಯ ಡಾಕ್ಟರು, ನಾಡಿ ಒಮ್ಮೊಮ್ಮೆ ನಿಧಾನ ಆಗ್ತದೆ, ಗುಳಿಗೆ ಬದಲಿಸಿದ್ದೇನೆ, ಎರಡು ತಿಂಗಳು ನೋಡೋಣ, ಅಲ್ಲಿಯವರೆಗೆ ಒಬ್ಬರನ್ನೇ ಬಿಡಬೇಡಿ ಅಂದರು. ಹೊರಗೆ ಬಂದ ಮೇಲೆ ಯಜಮಾನರೇ ಹೇಳಿದ್ದು: "ಹೆಂಗೂ ವಾಚು ತರೂದದ. ನಾಡಿ ನೋಡೂ ಸ್ಮಾರ್ಟ್ ವಾಚೇ ತಂದ್ರಾತಲ್ಲ. ಅದೂ ಆತು, ನಿಂದೂ ಆತು."

ನಿಂದೂ ಅಂದರೆ ನನ್ನ ಶಾಲೆಯ ವಿಷಯ. ಊರಿನ ಆ ತುದಿಯಲ್ಲಿ ಒಂದು ಸಣ್ಣ ಇಂಗ್ಲಿಷ್ ಮಾಧ್ಯಮ ಶಾಲೆ ಇದೆ. ಅದರ ಹೆಡ್ ಮೇಡಂ ನನ್ನ ಮಗಳ ಗೆಳತಿಯ ತಾಯಿ. ಒಂದು ದಿನ ನಾನು ಮಾತಾಡುವುದನ್ನು ಕೇಳಿ, ಯುಕೆಜಿ ಮಕ್ಕಳಿಗೆ ದಿನಕ್ಕೆ ಎರಡು ತಾಸು ಇಂಗ್ಲಿಷ್ ಓದಿಸ್ತೀರಾ ಅಂತ ಕೇಳಿದ್ದರು. ಒಂಬತ್ತೂವರೆಯಿಂದ ಹನ್ನೊಂದೂವರೆ. ನಾನು ನೋಡ್ತೀನಿ ಅಂದು ಬಂದಿದ್ದೆ. ಅವತ್ತಿನಿಂದ ಪಾತ್ರೆ ತಿಕ್ಕುವಾಗ ನನಗೆ ಗೊತ್ತಿಲ್ಲದೆ ಹಳೆಯ ರೈಮ್ಸುಗಳು ಬಾಯಿಗೆ ಬರುತ್ತಿದ್ದವು. ಯಜಮಾನರಿಗೆ ಹೇಳಿದಾಗ "ಅವ್ವನ್ನ ನೋಡ್ಕೊಂಡು ನೀ ಹೋಗೂದಾದ್ರ ನಂದೇನು ತಕರಾರಿಲ್ಲ" ಅಂದಿದ್ದರು. ಅವರು ಬೇಡ ಅನ್ನಲಿಲ್ಲ. ಆದರೆ ನೋಡಿಕೊಂಡು ಹೋಗುವುದು ಅಂದರೆ ಹೇಗೆ ಅಂತ ಅವರೂ ಹೇಳಲಿಲ್ಲ, ನನಗೂ ಕೇಳಲು ಬರಲಿಲ್ಲ. ಅತ್ತೆಯವರಿಗೆ ಈ ವಿಷಯ ಹೇಳಿರಲಿಲ್ಲ. ಹೇಳಿದರೆ, ನಿಮ್ಮಿಂದಾಗಿ ನಾನು ಕಟ್ಟಿಬಿದ್ದೇನೆ ಅಂದಂತೆ ಆಗುತ್ತದಲ್ಲ ಅಂತ ಹೆದರಿಕೆ.

ಮಗ್ಗುಲ ಮನೆಯ ಮುಸ್ಲಿಂ ಹೆಂಗಸನ್ನು ನಾನು ಆಪಾ, ಅಂದರೆ ಅಕ್ಕ, ಅನ್ನುತ್ತೇನೆ; ಅವರ ಮಗಳು ಕಲಬುರಗಿಯಲ್ಲಿ ಕಾಲೇಜು ಓದುತ್ತಾಳೆ. ಆಗ ರಜೆಗೆ ಬಂದಿದ್ದಳು. ಅವಳ ಕೈಯಲ್ಲೊಂದು ಸ್ಮಾರ್ಟ್ ವಾಚು ಇತ್ತು. ಕೊಳ್ಳುವ ಮುಂಚೆ ಒಂದು ದಿನ ಹಾಕಿ ನೋಡೋಣ ಅಂತ ಕೇಳಿದ್ದಕ್ಕೆ ಹಿಂದಿನ ಸಂಜೆ ಖುಷಿಯಿಂದ ತಂದುಕೊಟ್ಟಿದ್ದಳು. ನನ್ನ ಫೋನಿಗೆ ಅದನ್ನು ತಾನೇ ಜೋಡಿಸಿದಳು. "ನಾಡಿ ಐವತ್ತಕ್ಕಿಂತ ಕೆಳಗ ಹೋದ್ರ ನಿಮ್ಮ ಫೋನ್ ಕೂಗ್ತದ ಆಂಟಿ. ಟೆನ್ಶನ್ನೇ ಇಲ್ಲ" ಅಂದಳು. ವಾಚಿನ ಮುಖದ ಮೇಲೆ ದುಂಡು ಕಣ್ಣಿನ ಒಂದು ಬೆಕ್ಕಿನ ಚಿತ್ರ ಇತ್ತು. ಬೆಕ್ಕಿನ ಹೊಟ್ಟೆಯ ಮೇಲೆ ವೇಳೆ.

ಅತ್ತೆಯವರ ಸ್ನಾನ ಆದ ಮೇಲೆ ನಾನು ಅದನ್ನು ಹಿಡಿದುಕೊಂಡು ಹೋದೆ. ಮೊದಲಿನ ಗಡಿಯಾರವನ್ನು ಅವರು ಪೂಜೆಗೆ ಮುಂಚೆ ಬಿಚ್ಚಿಡುತ್ತಿದ್ದರು, ತೊಗಲಿನ ಪಟ್ಟಿ ಅಂತ. ಆದರೆ ಈಗ ಪೂಜೆಯ ವೇಳೆಗೇ ಇದು ಕೈಯಲ್ಲಿರಬೇಕಿತ್ತು. ಎರಡನೆಯ ಸಲ ಬಿದ್ದದ್ದು ದೇವರ ಕೋಣೆಯಲ್ಲೇ.

"ತೊಗಲಿಂದಲ್ಲಲ್ಲ?" ಅಂದರು.

"ಅಲ್ರೀ ಅತ್ತೀ, ರಬ್ಬರಿಂದು."

"ರಬ್ಬರಿಗಿ ಯಾವ ಮೈಲಿಗಿ, ಕಟ್ಟು" ಅಂತ ಎಡಗೈ ಚಾಚಿದರು. ನಾನು ಅವರ ರೂಢಿ ನೋಡಿ ಡಯಲ್ಲನ್ನು ಒಳಬದಿಗೇ ತಿರುಗಿಸಿ, ಆ ಬೆಳ್ಳಗಿನ ಪಟ್ಟಿಯ ಮೇಲೇ ಸರಿಯಾಗಿ ಕೂರಿಸಿದೆ. ಕೊನೆಯ ತೂತಿಗೆ ಹಾಕಿದರೂ ಸಡಿಲ. ಅವರ ಕೈ ಇಷ್ಟು ಯಾವಾಗ ಸಣ್ಣದಾಯಿತು ಅನ್ನುವುದು ಅಲ್ಲಿಯವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಡುವೆ ಕರವಸ್ತ್ರದ ಒಂದು ಮಡಿಕೆ ಇಟ್ಟು ಬಿಗಿ ಮಾಡಿದೆ.

ಇಷ್ಟಲಿಂಗ ಪೂಜೆ ನೋಡಿದವರಿಗೆ ನಾನೇನು ತಪ್ಪು ಮಾಡಿದೆ ಅನ್ನುವುದು ಇಷ್ಟರಲ್ಲಿ ತಿಳಿದಿರಬಹುದು. ನನಗೆ ಮಾತ್ರ ಹೊಳೆಯಲಿಲ್ಲ. ಅತ್ತೆಯವರು ಚಾಪೆಯ ಮೇಲೆ ಕೂತರು, ವಿಭೂತಿ ಹಚ್ಚಿಕೊಂಡರು, ಕೊರಳಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ನೀರು, ವಿಭೂತಿ, ಒಂದು ಪತ್ರಿ, ಹಿತ್ತಲಿನ ಎರಡು ಕಣಗಿಲೆ ಹೂವು. ಆಮೇಲೆ ಅಂಗೈಯನ್ನು ಮೆಲ್ಲಗೆ ಕಣ್ಣಿನ ಮಟ್ಟಕ್ಕೆ ಎತ್ತಿದರು. ಆ ಹೊತ್ತಿನಲ್ಲಿ ಅವರು ಕಣ್ಣು ಮಿಟುಕಿಸುವುದಿಲ್ಲ. ಮನೆಯಲ್ಲಿ ಪಾತ್ರೆಯ ಸದ್ದೂ ಆಗಬಾರದು.

ಕೈ ಎತ್ತಿದ್ದೇ ತಡ, ವಾಚು ಬೆಳಗಿತು. ಕೈ ಎತ್ತಿದರೆ ಯಾರೋ ವೇಳೆ ನೋಡುತ್ತಿದ್ದಾರೆ ಅಂತ ಅದು ತಿಳಿಯುತ್ತದಂತೆ. ಲಿಂಗದ ಕೆಳಗೆ, ನಾಲ್ಕು ಬೆರಳು ಅಂತರದಲ್ಲಿ, ಬೆಕ್ಕು ಕಣ್ಣು ಬಿಟ್ಟಿತು.

ನಾನು ಅಡುಗೆಮನೆಯ ಬಾಗಿಲಿಂದ ನೋಡುತ್ತಿದ್ದೆ. ಅತ್ತೆಯವರು ಕೈ ಸ್ವಲ್ಪ ಇಳಿಸಿದರು. ಬೆಳಕು ಹೋಯಿತು. ಮತ್ತೆ ಎತ್ತಿದರು. ಮತ್ತೆ ಬೆಕ್ಕು. ಮೂರನೆಯ ಸಲ ಅದು ಝುಂ ಅಂತ ನಡುಗಿತು. ಪತ್ರಿ ಜಾರಿ ತಟ್ಟೆಗೆ ಬಿತ್ತು. ಅವರು ಈ ಸಲ ಕೈ ಇಳಿಸಲಿಲ್ಲ. ಕನ್ನಡಕದೊಳಗಿನ ಕಣ್ಣುಗಳು ವಾಚಿನ ಮೇಲೇ ನಿಂತವು, ತುಟಿಗಳು ಅಕ್ಷರ ಕೂಡಿಸಿ ಓದುವವರ ಹಾಗೆ ಅಲುಗಿದವು. ಅದೇ ಹೊತ್ತಿಗೆ ನನ್ನ ಫೋನೂ ಕಟ್ಟೆಯ ಮೇಲೆ ಸದ್ದು ಮಾಡಿತು. ಎತ್ತಿ ನೋಡಿದೆ. ಶಾಲೆಯ ಹೆಡ್ ಮೇಡಂ ಮೆಸೇಜು, ಇಂಗ್ಲಿಷಿನಲ್ಲಿ: ಸೋಮವಾರದಿಂದ ಕ್ಲಾಸಿಗೆ ಬರುತ್ತೀರಾ, ಇವತ್ತು ಸಂಜೆಯೊಳಗೆ ತಿಳಿಸಿ, ಇಲ್ಲದಿದ್ದರೆ ಬೇರೆಯವರನ್ನು ಕೇಳುತ್ತೇವೆ.

ನನ್ನ ಫೋನಿಗೆ ಬಂದದ್ದೆಲ್ಲ ಆ ವಾಚಿಗೂ ಹೋಗುತ್ತದೆ ಅಂತ ಹುಡುಗಿ ಹಿಂದಿನ ಸಂಜೆ ಹೇಳಿದ್ದಳು. ಒಳ್ಳೆಯದೇ ಅಂದುಕೊಂಡಿದ್ದೆ.

ಪೂಜೆ ಮುಗಿಯಿತು. ಅತ್ತೆಯವರು ಲಿಂಗವನ್ನು ಮರಳಿ ಕರಡಿಗೆಯಲ್ಲಿ ಇಟ್ಟರು, ತಟ್ಟೆಯ ನೀರನ್ನು ಗಿಡಕ್ಕೆ ಹಾಕಿ ಬಂದರು. ನಾನು ಉಪ್ಪಿಟ್ಟಿನ ತಟ್ಟೆ ಕೊಟ್ಟೆ.

"ಲಿಂಗ ನೋಡ್ಬೇಕಂದ್ರ ಬೆಕ್ಕಿನ ಮಾರಿ ಕಾಣ್ತದವಾ" ಅಂದರು ಅಷ್ಟೇ. ಮೆಸೇಜಿನ ಮಾತು ಎತ್ತಲಿಲ್ಲ. ಐದನೆಯ ತರಗತಿಯ ಮಕ್ಕಳಿಗೆ ಅವರೇ ಇಂಗ್ಲಿಷ್ ಅಕ್ಷರ ಕಲಿಸುತ್ತಿದ್ದರು. ಓದಿಯೇ ಇರುತ್ತಾರೆ. ಉಪ್ಪಿಟ್ಟಿನೊಳಗಿನ ಕರಿಬೇವನ್ನು ಒಂದೊಂದಾಗಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದರು. ಎಂದೂ ಹಾಗೆ ಮಾಡುವವರಲ್ಲ.

ಆಗ ಫೋನು ಕೂಗಿತು. ನಲವತ್ತೆಂಟು ಅಂತ ತೋರಿಸುತ್ತಿತ್ತು. ಓಡಿ ಅವರ ಹತ್ತಿರ ಹೋದೆ. ಅತ್ತೆಯವರೋ ಚಮಚ ಹಿಡಿದು ನನ್ನನ್ನೇ ನೋಡುತ್ತಿದ್ದಾರೆ. "ತಲಿ ತಿರಗಾಕತ್ತದೇನ್ರೀ ಅತ್ತೀ? ಎದಿ ಹೆಂಗದ?" ಅಂದೆ.

"ನನಗೇನಾಗೇದ? ನಿನ್ನ ಮಾರಿನೇ ಬಿಳುಚಿಕೊಂಡದ ನೋಡು."

ನಾನು ಅವರ ಬಲ ಮಣಿಕಟ್ಟಿನ ಮೇಲೆ ಮೂರು ಬೆರಳು ಇಟ್ಟೆ. ಶಾಲೆಯಲ್ಲಿ ಒಬ್ಬ ವಯಸ್ಸಾದ ಸಿಸ್ಟರ್ ನಮಗೆ ಪ್ರಥಮ ಚಿಕಿತ್ಸೆ ಕಲಿಸುತ್ತಿದ್ದರು. ಹೆಬ್ಬೆರಳು ಇಡಬೇಡಿ, ಹೆಬ್ಬೆರಳಿಗೇ ನಾಡಿ ಇರ್ತದೆ, ನಿಮ್ಮದನ್ನೇ ನೀವು ಎಣಿಸ್ತೀರಿ ಅನ್ನುತ್ತಿದ್ದರು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದೆ. ಅರವತ್ತಾರು. ಮತ್ತೊಮ್ಮೆ ಎಣಿಸಿದೆ. ಅರವತ್ತೈದು. ವಾಚು ಅಷ್ಟರಲ್ಲಿ ತೊಂಬತ್ತೊಂದಕ್ಕೆ ಏರಿತ್ತು.

ಸಡಿಲ ಇದ್ದದ್ದಕ್ಕೋ, ಕರವಸ್ತ್ರದ ಮಡಿಕೆಗೋ, ಒಳಬದಿಗೆ ಕಟ್ಟಿದ್ದಕ್ಕೋ ಅಂತ ಬಿಚ್ಚಿ ನನ್ನ ಕೈಗೇ ಕಟ್ಟಿಕೊಂಡು ನೋಡಿದೆ; ಅಲ್ಲೂ ಅಂಕಿ ಒಂದು ಕಡೆ ನಿಲ್ಲಲಿಲ್ಲ. ಹುಡುಗಿ ಕೊಟ್ಟಿದ್ದ ಡಬ್ಬಿಯೊಳಗಿನ ಕಾಗದ ತೆಗೆದು ಓದಿದೆ. ಕೊನೆಯ ಮಡಿಕೆಯಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ, ಇದು ವೈದ್ಯಕೀಯ ಉಪಕರಣವಲ್ಲ, ಇದರ ಅಂಕಿಗಳನ್ನು ತಿಳಿವಳಿಕೆಗೆ ಮಾತ್ರ ಬಳಸಿ ಅಂತ ಇತ್ತು. ತಿಳಿವಳಿಕೆಗೆ ಮಾತ್ರ ಅಂದರೆ ಏನು? ನಾನು ಆ ಸಾಲನ್ನು ನಾಲ್ಕು ಸಲ ಓದಿರಬೇಕು. ಇಂಗ್ಲಿಷ್ ತಿಳಿದೂ ಏನೂ ತಿಳಿಯಲಿಲ್ಲ.

ಇನ್ನೊಂದನ್ನು ನೋಡಬೇಕಿತ್ತು. ವಾಚನ್ನು ಮತ್ತೆ ಅತ್ತೆಯವರಿಗೆ ಕಟ್ಟಿ, ಫೋನು ಹಿಡಿದುಕೊಂಡು ಕೊತ್ತಂಬರಿ ತರುವ ನೆಪದಲ್ಲಿ ಹೊರಟೆ. ನಮ್ಮ ಓಣಿಯಲ್ಲಿ ಮೂರನೆಯ ಮನೆ ದಾಟುವಷ್ಟರಲ್ಲಿ ಫೋನು, ವಾಚು ಸಿಗುತ್ತಿಲ್ಲ ಅಂತ ತೋರಿಸಿತು. ನಾನು ಎರಡು ಹೆಜ್ಜೆ ಹಿಂದೆ ಬಂದೆ, ಸಿಕ್ಕಿತು. ಮುಂದೆ ಹೋದೆ, ಬಿಟ್ಟಿತು. ನಮ್ಮ ಮನೆಯಿಂದ ಮೂರನೆಯ ಮನೆ. ಶಾಲೆ ಇರುವುದು ಊರಿನ ಆ ತುದಿಗೆ. ಬೀದಿಯಲ್ಲಿ ಹಿಂದೆ ಮುಂದೆ ನಡೆಯುತ್ತಿದ್ದ ನನ್ನನ್ನು ತರಕಾರಿಯ ಗಾಡಿಯವನು ನೋಡುತ್ತ ನಿಂತಿದ್ದ. "ಏನ್ ಕಳಕೊಂಡೀರಿ ಅಕ್ಕಾರ?" ಅಂದ. ಏನೂ ಇಲ್ಲ ಅಂತ ಒಂದು ಕಟ್ಟು ಕೊತ್ತಂಬರಿ ತೆಗೆದುಕೊಂಡು ಬಂದೆ.

ಮನೆಗೆ ಬಂದಾಗ ಅತ್ತೆಯವರು ವಾಚನ್ನು ಬಿಚ್ಚಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಮಲಗಿದ್ದರು. ರೊಟ್ಟಿಯ ಹೊತ್ತಾಗಿತ್ತು. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದೆ. ಒಂದು ಮುದ್ದೆ ಮಾಡಿ ಪಕ್ಕಕ್ಕಿಟ್ಟೆ. ನಾದುವಾಗ ನನ್ನ ಕಣ್ಣು ಆ ವಾಚಿನ ಬೆನ್ನ ಮೇಲಿತ್ತು. ಅಲ್ಲೊಂದು ಹಸಿರು ದೀಪ ಮಿಣುಕುತ್ತಿತ್ತು. ಯಾಕೆ ಅಂತ ಕೇಳಿದರೆ ಹೇಳಲಾರೆ. ಕೈ ಒರೆಸಿಕೊಂಡು ಅದನ್ನು ಎತ್ತಿ ಹಿಟ್ಟಿನ ಮುದ್ದೆಯ ಸುತ್ತ ಕಟ್ಟಿದೆ.

ಹಸಿರು ದೀಪ ಸ್ವಲ್ಪ ಹೊತ್ತು ಮಿಣುಕಿತು. ಆಮೇಲೆ ಬೆಕ್ಕಿನ ಹೊಟ್ಟೆಯ ಕೆಳಗೆ ಕೆಂಪು ಹೃದಯ ಕುಣಿಯಿತು. ಎಪ್ಪತ್ತನಾಲ್ಕು.

ಮೊದಲು ನಗು ಬಂತು. ಒಳ್ಳೆಯ ನಾಡಿ, ಡಾಕ್ಟರಿಗೆ ತೋರಿಸಿದರೆ ಮೆಚ್ಚಿಕೊಳ್ಳುವಂಥ ನಾಡಿ. ಬಾಯಿಗೆ ಸೆರಗು ಅಡ್ಡ ಹಿಡಿದೆ. ನಗು ನಿಂತ ಮೇಲೆ ಅಲ್ಲೇ ಕಟ್ಟೆಗೆ ಒರಗಿ ನಿಂತುಬಿಟ್ಟೆ. ಈ ಹಿಟ್ಟು ಇನ್ನು ಸ್ವಲ್ಪ ಹೊತ್ತಿಗೆ ಹಂಚಿನ ಮೇಲೆ ಇರುತ್ತದೆ. ಇದನ್ನು ಕಟ್ಟಿದರೆ ಎರಡು ತಾಸು ನೆಮ್ಮದಿಯಿಂದ ಹೋಗಿಬರಬಹುದು ಅಂದುಕೊಂಡವಳು ನಾನು. ಒಂದು ವಾರದಿಂದ ಬಾಯಿಗೆ ಬರುತ್ತಿದ್ದ ರೈಮ್ಸು ನೆನಪಾಗಿ ನಾಚಿಕೆಯಾಯಿತು. ಪಟ್ಟಿಗೆ ಅಂಟಿದ ಹಿಟ್ಟನ್ನು ಉಗುರಿನಿಂದ ತೆಗೆದು ಒರೆಸಿದೆ.

ಊಟಕ್ಕೆ ಕೂತಾಗ ಅತ್ತೆಯವರು ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ ಅಂದರು: "ಯಾವ ಸಾಲಿ ಅದು?"

ನಾನು ಹೇಳಿದೆ.

"ಎಷ್ಟು ತಾಸು?"

"ಎರಡೇರಿ. ನಾ ಇನ್ನೂ ಹೂಂ ಅಂದಿಲ್ಲರಿ ಅತ್ತೀ. ಅವರೇ ಕೇಳಿದ್ರು, ಸುಮ್ನ—"

"ಸುಮ್ನ ಯಾಕ? ಕೇಳಿದ್ರ ಹೋಗ್ಬೇಕು." ಪಲ್ಯ ಹಚ್ಚಿಕೊಂಡು ಒಂದು ತುತ್ತು ತಿಂದರು. "ನನಗ ಯಾಕ ಹೇಳಲಿಲ್ಲ? ನಾ ಅಡ್ಡಗಾಲ ಹಾಕ್ತೇನಿ ಅಂತ ತಿಳಕೊಂಡಿ?"

"ಹಂಗಲ್ರೀ."

"ಮತ್ತ ಹೆಂಗ? ನಾ ಮೂವತ್ತು ವರ್ಷ ಸಾಲಿಗಿ ಹೋದಾಕಿ. ಮೂರು ಕೂಸು ಬಿಟ್ಟು ಹೋಗ್ತಿದ್ದೆ. ಮಳಿ ಇರಲಿ, ಬಿಸಲಿರಲಿ. ಈ ನಿನ್ನ ಗಂಡ ಸಣ್ಣಾವಿದ್ದಾಗ ಜ್ವರ ಬಂದು ಮಕ್ಕೊಂಡಿದ್ದ. ಅವತ್ತೂ ಹೋಗೇನಿ."

ಆಗ ಮನೆಯಲ್ಲಿ ಅವರ ಅತ್ತೆ ಇದ್ದರು ಅಂತ ನನಗೆ ಗೊತ್ತಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಆದರೆ ಅವರಿಗೂ ಅದೇ ನೆನಪಾಯಿತು ಅಂತ ಕಾಣುತ್ತದೆ. ಕೈ ತಟ್ಟೆಯಲ್ಲೇ ನಿಂತಿತು.

"ನನ್ನತ್ತಿ ಇದ್ಲು ಆಗ" ಅಂದರು, ಸ್ವಲ್ಪ ಸಣ್ಣ ದನಿಯಲ್ಲಿ. "ನಿನಗ ಹಂಗ ಯಾರೂ ಇಲ್ಲ. ಇರೂದು ನಾನು. ನನಗೇ ನೀ ಬೇಕಾಗಿದ್ದಿ."

ನೀರು ಕೊಡುವ ನೆಪದಲ್ಲಿ ಎದ್ದೆ. ಹಿಂದಿನಿಂದ ಅವರ ಮಾತು ಬಂತು, ಈ ಸಲ ಟೀಚರಿನ ದನಿ: "ಅದಕ್ಕೇ ಹೇಳಾಕತ್ತೇನಿ. ಆ ಬೆಳಕಿನ ವಾಚೇ ತರಿಸು. ಬೆಕ್ಕು ತಗಸು, ಅಷ್ಟ. ಅದು ನನ್ನ ನಾಡಿ ನೋಡ್ಕೋತದ, ನೀ ನಿನ್ನ ಸಾಲಿ ನೋಡ್ಕೋ. ಪೂಜಾದಾಗ ಝುಂ ಅಂದ್ರ ಅನ್ಲಿ. ಆ ಶಿವಗ ಗೊತ್ತಾಗಂಗಿಲ್ಲೇನು?"

ಪೂಜೆಯ ವೇಳೆಗೆ ಪಾತ್ರೆಯ ಸದ್ದನ್ನೂ ಸಹಿಸದವರು. ನನಗಾಗಿ ಅಷ್ಟು ದೂರ ಬಂದಿದ್ದರು. ಆ ಹಿಟ್ಟಿನ ಮುದ್ದೆಯ ಮಾತನ್ನು ಅವರಿಗೆ ಹೇಗೆ ಹೇಳಲಿ? ಹೇಳಿದರೆ ಎರಡು ಹೋಗುತ್ತವೆ. ನನ್ನ ಶಾಲೆಯ ಮಾತು ಹಾಗಿರಲಿ, ತಮ್ಮ ಮೈ ಇನ್ನು ಮೇಲೆ ತಮ್ಮ ಸ್ವಾಧೀನದಲ್ಲೇ ಇರುತ್ತದೆ ಅಂತ ಅವರು ಬೆಳಗಿನಿಂದ ಕಟ್ಟಿಕೊಂಡಿದ್ದ ಧೈರ್ಯವೂ ಹೋಗುತ್ತದೆ. ಹೇಳದಿದ್ದರೆ? ಹೇಳದೆ, ಹೂಂ ಅಂದು, ಆ ವಾಚನ್ನೇ ತರಿಸಿದರೆ ಮನೆಯಲ್ಲಿ ಎಲ್ಲರಿಗೂ ಸಂತೋಷ. ಅತ್ತೆಯವರಿಗೆ ನೆಮ್ಮದಿ, ಯಜಮಾನರಿಗೆ ತಲೆನೋವು ಹೋಯಿತು, ನನಗೆ ಒಂಬತ್ತೂವರೆಗೆ ಇಸ್ತ್ರಿ ಮಾಡಿದ ಸೀರೆ. ಸುಳ್ಳು ಹೇಳುವುದು ನಾನಲ್ಲ, ವಾಚು. ಈ ಯೋಚನೆ ನನಗೆ ಬಂತು ಅಂತ ಬರೆಯಲು ಇವತ್ತಿಗೂ ಕೈ ಹಿಂದೆ ಸರಿಯುತ್ತದೆ. ಆದರೆ ಬಂದಿತ್ತು, ಮತ್ತು ಪಾತ್ರೆ ತೊಳೆದು ಮುಗಿಯುವವರೆಗೆ ನನ್ನ ಜೊತೆಗೇ ಇತ್ತು.

ನಾಲ್ಕಕ್ಕೆ ಸರಿಯಾಗಿ ಯಜಮಾನರ ಫೋನು ಬಂತು. ನಾನು ಎತ್ತುವ ಮೊದಲೇ ಅತ್ತೆಯವರು ಎತ್ತಿದರು. "ಬೆಳಕಿಂದೇ ತಾ. ನಾನೇ ಹೇಳಾಕತ್ತೇನಿ" ಅಂತ ಮಗನಿಗೆ ಹೇಳಿ ನನ್ನ ಕೈಗೆ ಕೊಟ್ಟರು. ನಾನು ಫೋನು ಹಿಡಿದು ಹಿತ್ತಲಿಗೆ ಹೋದೆ. ಹಿತ್ತಲಿನಲ್ಲಿ ಬಟ್ಟೆಗಳು ಒಣಗಿ ಗರಿಗರಿಯಾಗಿದ್ದವು.

"ಆತಲ್ಲ, ಅವ್ವನೇ ಹೇಳಿದ್ಲು. ಪ್ಯಾಕ್ ಮಾಡಸಲೇನು?" ಅಂದರು ಅವರು. ಹಿಂದೆ ಅಂಗಡಿಯ ಗದ್ದಲ.

"ಬ್ಯಾಡ್ರಿ. ಸಾದಾದ್ದೇ ತರ್ರಿ. ಮುಳ್ಳು ದಪ್ಪ ಇರ್ಲಿ, ಅಂಕಿ ದೊಡ್ಡವಿರ್ಲಿ."

"ಯಾಕ? ಅಂಗಡ್ಯಾಂವ ಇದು ಭಾರಿ ಛಲೋ ಕಂಪನೀದು ಅನ್ನಾಕತ್ತಾನ."

"ಅವನ ಕಂಪನೀದು ಛಲೋನೇ ಇರಬಹುದ್ರಿ. ಇಲ್ಲಿ ಇದ್ದದ್ದು ಹಿಟ್ಟಿನ ಮುದ್ದಿಗೂ ನಾಡಿ ತೋರಿಸ್ತು."

"ಏನಂದಿ? ಯಾರ ಮುದ್ದಿ?"

ನಾನು ಹೇಳಿದೆ. ಅವರು ಜೋರಾಗಿ ನಕ್ಕರು. ಅಂಗಡಿಯವನಿಗೂ ಹೇಳಿದರು ಅಂತ ಕಾಣುತ್ತದೆ, ಅಲ್ಲೂ ಯಾರೋ ನಕ್ಕರು. ಆಮೇಲೆ ಅಂದರು: "ಏ, ಅದು ಆ ಹುಡಿಗೀದು ಹಳೇದಿರಬೇಕು. ಇದು ಬ್ಯಾರೆ. ಕಡಿಮಿ ಆದ್ರ ನಿನ್ನ ಫೋನಿಗಿ ಹೇಳ್ತದಂತ."

"ಫೋನು ನನ್ನ ಕೂಡ ಸಾಲ್ಯಾಗ ಇರ್ತದಲ್ಲರಿ. ವಾಚು ಅಷ್ಟು ದೂರ ಮಾತಾಡಂಗಿಲ್ಲ. ಮೂರು ಮನಿ ದಾಟಿದ್ರ ಮುಗೀತು."

"ಹಂಗಾದ್ರ ಫೋನು ಮನಿಯಾಗ ಬಿಟ್ಟು ಹೋಗು."

"ಬಿಟ್ಟು ಹೋದ್ರ, ಅದು ಕೂಗಿದ್ದು ಯಾರು ಕೇಳ್ತಾರ್ರಿ?"

ಅವರು ಅಂಗಡಿಯವನನ್ನು ಏನೋ ಕೇಳಿದರು. ಸಿಮ್ಮು ಹಾಕುವಂಥದ್ದು ಬೇರೆ ಬರುತ್ತದೆ, ಆದರೆ ಅದು ಈಗ ಅಂಗಡಿಯಲ್ಲಿ ಇಲ್ಲ ಅಂತ ಅವನು ಅಂದದ್ದು ನನಗೂ ಕೇಳಿಸಿತು. ಇದ್ದಿದ್ದರೂ ಏನಾಗುತ್ತಿತ್ತು? ಊರಿನ ಆ ತುದಿಯಲ್ಲಿ, ಮಕ್ಕಳ ನಡುವೆ, ನನ್ನ ಫೋನು ನಲವತ್ತೆಂಟು ಅನ್ನುತ್ತದೆ. ನಾನು ಆಟೋ ಹುಡುಕಿ ಓಡುತ್ತೇನೆ. ಬಂದು ಬಾಗಿಲು ತೆಗೆದಾಗ ಏನು ಕಾಣಬೇಕೋ ಅದು ಆಗಲೇ ಆಗಿರುತ್ತದೆ. ದೊಡ್ಡ ದವಾಖಾನೆ ಇರುವುದು ಕಲಬುರಗಿಯಲ್ಲಿ. ಅಂಕಿ ತಿಳಿದರೂ ತಿಳಿಯದಿದ್ದರೂ ನನ್ನ ಕೈಯಲ್ಲಿ ಆಗುವುದು ಒಂದೇ. ಹತ್ತಿರ ಇರುವುದು, ಬಿದ್ದರೆ ಹಿಡಿಯುವುದು.

"ಮತ್ತ ನಿನ್ನ ಸಾಲಿ?" ಅಂದರು ಅವರು, ಈ ಸಲ ಮೆತ್ತಗೆ.

"ಇರ್ಲಿ ಬಿಡ್ರಿ."

"ನೀನೇ ಅಂದಿ ಮತ್ತ. ಆಮ್ಯಾಲ ನಾ ಕಳಸಲಿಲ್ಲ ಅನಬ್ಯಾಡ."

"ಅನ್ನಂಗಿಲ್ರಿ."

ಫೋನು ಇಟ್ಟ ಮೇಲೆ ಅಲ್ಲೇ ನಿಂತು ಹೆಡ್ ಮೇಡಂಗೆ ಬರೆದೆ. ಮೊದಲು ಉದ್ದವಾಗಿ ಬರೆದೆ. ಅತ್ತೆಯವರ ಆರೋಗ್ಯ, ಡಾಕ್ಟರು, ಎರಡು ತಿಂಗಳು ಬಿಟ್ಟು ನೋಡೋಣವೇ ಅಂತ ಎಲ್ಲ. ಓದಿ ನೋಡಿದರೆ ಯಾರ ಮೇಲೋ ದೂರು ಹೇಳಿದಂತೆ ಕಾಣಿಸಿತು. ಅಳಿಸಿದೆ. ಸದ್ಯಕ್ಕೆ ಬರಲು ಆಗುವುದಿಲ್ಲ, ಕ್ಷಮಿಸಿ, ಕೇಳಿದ್ದಕ್ಕೆ ಧನ್ಯವಾದ ಅಂತ ಮೂರು ಸಣ್ಣ ವಾಕ್ಯ ಬರೆದು, ಇಂಗ್ಲಿಷ್ ಸ್ಪೆಲ್ಲಿಂಗು ಎರಡು ಸಲ ನೋಡಿ ಕಳಿಸಿದೆ. ಸಿಸ್ಟರುಗಳು ನೋಡಿದ್ದರೆ ಒಂದೂ ತಪ್ಪಿಲ್ಲ ಅನ್ನುತ್ತಿದ್ದರು. ಕಳಿಸಿದ ಕೂಡಲೇ ಆ ಕಡೆಯಿಂದ ಹೆಬ್ಬೆರಳಿನ ಒಂದು ಚಿತ್ರ ಬಂತು. ಅಷ್ಟೇ.

ಒಣಗಿದ ಬಟ್ಟೆ ಹೆಗಲಿಗೆ ಹಾಕಿಕೊಂಡು ಒಳಗೆ ಬಂದೆ. ಅತ್ತೆಯವರು ಕಾಯುತ್ತಿದ್ದರು.

"ಏನಂದ?"

"ಸಾದಾದ್ದು ತರತಾರ್ರಿ ಅತ್ತೀ. ನಿಮಗ ಮುಳ್ಳಿಂದೇ ಛಂದ ಕಾಣ್ತದ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕಾಪಿ ಹೊಡೆದ ಹುಡುಗಿಯನ್ನು ಹಿಡಿದ ಟೀಚರು ಹಾಗೆ ನೋಡುತ್ತಾರೆ. ಏನೋ ಕೇಳುವವರಿದ್ದರು. ನಾನು ಬಟ್ಟೆ ಮಡಿಸಲು ಕೂತೆ. ಅವರೂ ಹತ್ತಿರ ಸರಿದು ಒಂದು ಟವೆಲ್ಲು ತೆಗೆದುಕೊಂಡು ಮಡಿಸಿದರು, ಅಂಚಿಗೆ ಅಂಚು ಹಚ್ಚಿ. ನಮ್ಮಿಬ್ಬರ ನಡುವೆ ಮಡಿಸಿದ ಬಟ್ಟೆಯ ಗುಪ್ಪೆ ಏರಿತು. ಅವರು ಹೋಗು ಅಂದಿದ್ದರು, ನಾನು ಹೋಗಲಿಲ್ಲ. ಅದನ್ನು ಅವರು ಪ್ರೀತಿ ಅಂದುಕೊಂಡರೋ, ತಮ್ಮ ಮಾತಿನ ಮೇಲೆ ನನಗೆ ನಂಬಿಕೆ ಇಲ್ಲ ಅಂದುಕೊಂಡರೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯ ಅವತ್ತೂ ಇರಲಿಲ್ಲ, ಆಮೇಲೂ ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮಗ್ಗುಲ ಮನೆಯ ಆಪಾ ಬಂದರು, ಮಗಳ ವಾಚು ಒಯ್ಯಲು. ಮರುದಿನ ಹುಡುಗಿ ಕಲಬುರಗಿಗೆ ಮರಳುವವಳಿದ್ದಳು. ನಾನು ವಾಚನ್ನು ಡಬ್ಬಿಯಲ್ಲಿಟ್ಟು, ಕಾಗದವನ್ನು ಇದ್ದ ಮಡಿಕೆಗೇ ಮಡಿಸಿ ಕೊಟ್ಟೆ.

"ಹೆಂಗಿತ್ರಿ ಅಕ್ಕಾ? ತೊಗೊಳ್ಳಾಕತ್ತೀರೇನು?"

"ಇಲ್ಲ ಆಪಾ. ಸಾದಾದ್ದೇ ತರಾಕ ಹೇಳೇನಿ."

"ಛಲೋ ಮಾಡಿದ್ರಿ. ಅರೇ, ನಮ್ಮ ಹುಡುಗಿ ದಿನಾ ಚಾರ್ಜಿಗಿ ಹಚ್ಚತಾಳ, ದಿನಾ ಮರೀತಾಳ." ಆಪಾ ಡಬ್ಬಿಯನ್ನು ಸೆರಗಿನ ತುದಿಯಲ್ಲಿ ಸುತ್ತಿಕೊಂಡರು. ಒಳಗೆ ಕೂತಿದ್ದ ಅತ್ತೆಯವರಿಗೆ ಕೈ ಎತ್ತಿ ಸಲಾಂ ಅಂದರು. ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಹುಡುಕುತ್ತ, ನನ್ನ ಕಡೆ ನೋಡದೆಯೇ ಅಂದರು: "ಅಮ್ಮಾಗ ಇಂಥಾದ್ದೆಲ್ಲಾ ಯಾಕ ಬೇಕ್ರಿ? ನೀವು ಹೆಂಗೂ ಮನಿಯಾಗೇ ಇರ್ತೀರಲ್ಲ."